ಹಳೆಯ ಲೇತ್‌ನ ಬಣ್ಣ ಬಿಡಿಸುವುದು ಹೇಗೆ?

ಪೀಣ್ಯದ ಶೆಡ್ಡುಗಳಲ್ಲಿ ಲೋಹ ಕಡೆಯುವ ಹಳೆಯ ಲೇತ್‌ಗೆ ಹೊಡೆಸಿದ ಹೊಸ ಬಣ್ಣ ಆರೇ ತಿಂಗಳಲ್ಲಿ ಹಪ್ಪಳದಂತೆ ಎದ್ದು ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಣ್ಣದ ಕಂಪನಿಯನ್ನು ಬೈಯುವ ಮೊದಲು ಹಳೆಯ ಬಣ್ಣ ಬಿಡಿಸಿದ ರೀತಿಯನ್ನು ವಿಚಾರಿಸಿ.

ವಿದ್ಯುತ್ ಸಂಪರ್ಕ ತಪ್ಪಿಸಿ, ಎಣ್ಣೆ ಜಿಡ್ಡು ಒರೆಸಿ. ಬೆಡ್ (ಯಂತ್ರದ ಉದ್ದನೆಯ ನುಣುಪು ಹಾಸು) ಮತ್ತು ಲೀಡ್ ಸ್ಕ್ರೂಗೆ (ಅದರ ಉದ್ದಕ್ಕೂ ಇರುವ ಮರೆಯ ಸರಳು) ಗ್ರೀಸ್ ಸವರಿ ದಪ್ಪ ಪಾಲಿಥಿನ್ ಸುತ್ತಿ.

ಗ್ರೈಂಡರ್‌ಗೆ ವೈರ್ ಬ್ರಷ್ ಸಿಕ್ಕಿಸಿ ಅರ್ಧ ದಿನದಲ್ಲಿ ಮುಗಿಸುತ್ತೇವೆ ಎನ್ನುವವರನ್ನು ಹತ್ತಿರ ಬಿಡಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ನೇರ ಒಳಗೆ ಹೋಗುತ್ತದೆ. ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಹಾಕಿದ 2016ರ ನಿಯಮವೂ ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗಷ್ಟೇ. ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸುವ ಬ್ಲಾಸ್ಟಿಂಗ್ ಕೂಡ ಬೇಡ. ಕಣಗಳು ಬೇರಿಂಗ್ ಸೇರುತ್ತವೆ, ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶ ಸೇರುತ್ತದೆ.

ಎಲ್ಲರೂ ಎಡವುವುದು ಹಳೆಯ ಬಣ್ಣ ಸಡಿಲಿಸುವ ಜೆಲ್, ಅಂದರೆ ಪೇಂಟ್ ರಿಮೂವರ್ ಹಚ್ಚುವಾಗ. ಗೋಡೆಗೆ ಸುಣ್ಣ ಬಳಿದಂತೆ ಬ್ರಷ್ಷನ್ನು ಹಿಂದೆ ಮುಂದೆ ಆಡಿಸುತ್ತಾರೆ. ಈ ಜೆಲ್‌ನಲ್ಲಿ ಸಾಮಾನ್ಯವಾಗಿ ಮೇಣ ಇರುತ್ತದೆ. ಅದು ಹಾಲಿನ ಕೆನೆಯಂತೆ ಮೇಲೆ ಕಟ್ಟಿಕೊಂಡು, ಕೆಳಗಿನ ದ್ರಾವಕ ಆವಿಯಾಗದಂತೆ ಕಾಯುತ್ತದೆ. ಬ್ರಷ್ ಮತ್ತೆ ತಾಗಿದರೆ ಕೆನೆ ಒಡೆದು ದ್ರಾವಕ ಹಾರಿಹೋಗುತ್ತದೆ. ಆದ್ದರಿಂದ ದಪ್ಪವಾಗಿ, ಒಂದೇ ದಿಕ್ಕಿಗೆ, ಒಂದೇ ಸಲ ಬಳಿಯಿರಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಟ್ಟಬೇಡಿ. ಗುಳ್ಳೆ ಎದ್ದ ಕೂಡಲೇ ಕೆರೆಯಲು ಕೈ ಹಾಕಬೇಡಿ, ಆಗಿನ್ನೂ ಮೇಲಿನ ಪದರವಷ್ಟೇ ಸಡಿಲಗೊಂಡಿರುತ್ತದೆ. ಮೂಲೆಯೊಂದರಲ್ಲಿ ಒಂದು ಪಟ್ಟಿಯಷ್ಟು ಕೆರೆದು ನೋಡಿ. ಪುಟ್ಟಿಯೋ ಬೀಡಿನ (ಎರಕದ ಕಬ್ಬಿಣದ) ಬೂದು ಮೈಯೋ ಕಂಡರೆ ಸರಿ, ಇಲ್ಲವಾದರೆ ಇನ್ನೊಂದು ಲೇಪ.

ಡಬ್ಬಿಯಲ್ಲಿ ಮಿಥಿಲೀನ್ ಕ್ಲೋರೈಡ್ ಎಂದಿದ್ದರೆ ಮುಚ್ಚಿದ ಶೆಡ್ಡಿನಲ್ಲಿ ತೆರೆಯಲೇಬೇಡಿ. ಅದರ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ನಿಲ್ಲುತ್ತದೆ. ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಧೂಳಿನ ಮಾಸ್ಕ್ ಇದನ್ನು ತಡೆಯದು. ನಾನಂತೂ ಬೆಂಜೈಲ್ ಆಲ್ಕೋಹಾಲ್ ಇರುವುದನ್ನೇ ಕೊಳ್ಳಲು ಹೇಳುತ್ತೇನೆ. ನಿಧಾನ, ರಾತ್ರಿಯಿಡೀ ಬಿಡಬೇಕಾದೀತು, ಆದರೂ ಅದೇ ಇರಲಿ. ಅಗ್ಗವೆಂದು ಕಾಸ್ಟಿಕ್ ಸೋಡಾ ಸುರಿದರೆ ಅಲ್ಯೂಮಿನಿಯಂ ಮುಚ್ಚಳಗಳು ಕರಗುತ್ತವೆ.

ಕೆರೆದಾದ ಮೇಲೆ ಕಣ್ಣಿಗೆ ಕಾಣದೆ ಉಳಿಯುವ ಮೇಣವೇ ಆ ಹಪ್ಪಳಕ್ಕೆ ಕಾರಣ. ಹತ್ತಿರದ ವೆಲ್ಡಿಂಗ್ ನಿಲ್ಲಿಸಿ, ಬನಿಯನ್ ಬಟ್ಟೆಯನ್ನು ಥಿನ್ನರ್‌ನಲ್ಲಿ ನೆನೆಸಿ ಒರೆಸಿ. ಅದೇ ಬಟ್ಟೆಯಲ್ಲಿ ತಿಕ್ಕಿದರೆ ಮೇಣ ಹರಡುತ್ತದೆ. ಪ್ರತಿ ಬಾರಿಯೂ ಬಟ್ಟೆ ಬದಲಿಸಿ, ಕೊನೆಯದು ಬೆಳ್ಳಗೇ ಉಳಿಯುವವರೆಗೆ. ನೀರು ಹಾಕಬೇಡಿ, ಬೀಡು ನೋಡುನೋಡುತ್ತಲೇ ಕೆಂಪಾಗುತ್ತದೆ.

ಪ್ರೈಮರ್ ಅದೇ ದಿನ ಹೊಡೆಯಿರಿ. ಕೆರೆದ ಬಣ್ಣವನ್ನು ಮೋರಿಗೆ ಗುಡಿಸದೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅಪಾಯಕಾರಿ ತ್ಯಾಜ್ಯ ಒಯ್ಯುವ ಅಧಿಕೃತರಿಗೆ ಕೊಡಿ.