ಇಂಗ್ಲೆಂಡಿನ ಮನೆ, ಬೆಂಗಳೂರಿನ ಸೈಟು: ಎರಡು ಕಡೆ ರಿಜಿಸ್ಟ್ರೇಷನ್ ಮಾಡಿಸಿದ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಮನೆ ಕೊಂಡಾಗ ನಾನು ಯಾವ ಸರ್ಕಾರಿ ಕಚೇರಿಯ ಮೆಟ್ಟಿಲೂ ಹತ್ತಲಿಲ್ಲ. ಎಲ್ಲ ಸಾಲಿಸಿಟರ್, ಅಂದರೆ ಅಲ್ಲಿನ ವಕೀಲರು, ನೋಡಿಕೊಂಡರು. ಟಿಆರ್1 ಅನ್ನೋ ವರ್ಗಾವಣೆ ಪತ್ರಕ್ಕೆ ಪಕ್ಕದ ಮನೆಯವರನ್ನು ಸಾಕ್ಷಿ ಮಾಡಿಕೊಂಡು ಸಹಿ ಹಾಕಿ ಅಂಚೆಗೆ ಹಾಕಿದೆ, ಅಷ್ಟೇ. ಆಮೇಲೆ ಬೆಂಗಳೂರಿನಲ್ಲಿ ಸೈಟು ತಗೊಂಡಾಗ ಮಾರುವವರು, ಅವರ ಮಕ್ಕಳು, ಸಾಕ್ಷಿಗಳು, ನಾವು ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಲಾಗಿ ಕೂತಿದ್ದೆವು. ಫೋಟೋ, ಹೆಬ್ಬೆಟ್ಟು, ಮಧ್ಯೆ ಸರ್ವರ್ ಡೌನ್.

ಆದರೆ ನಿಜವಾದ ವ್ಯತ್ಯಾಸ ಇದಲ್ಲ. ಅಲ್ಲಿ ನೋಂದಣಿ ಆಗೋದು ಮಾಲೀಕತ್ವ. ಇಲ್ಲಿ ನೋಂದಣಿ ಆಗೋದು ಕ್ರಯಪತ್ರ. ಅಲ್ಲಿ ಆಸ್ತಿ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ 7 ಪೌಂಡ್ ಕಟ್ಟಿದರೆ ಯಾರು ಬೇಕಾದರೂ ಒಂದು ಮನೆಯ ದಾಖಲೆ ತೆಗೆದು ನೋಡಬಹುದು: ಆಸ್ತಿ ಯಾವುದು, ಮಾಲೀಕ ಯಾರು, ಸಾಲ ಇದೆಯಾ. ಆ ದಾಖಲೆಯಲ್ಲಿ ತಪ್ಪಿದ್ದು ನಮಗೆ ನಷ್ಟ ಆದರೆ ಪರಿಹಾರ ಕೇಳೋಕೆ 2002ರ ಭೂ ನೋಂದಣಿ ಕಾನೂನಿನಲ್ಲೇ ದಾರಿ ಇದೆ. ನಮ್ಮಲ್ಲಿ 1908ರ ನೋಂದಣಿ ಕಾಯ್ದೆ. ಮುದ್ರಾಂಕ ಶುಲ್ಕ ಸರಿಯಾಗಿದೆಯಾ, ಇ-ಖಾತಾ (ಆಸ್ತಿ ತೆರಿಗೆಯ ಡಿಜಿಟಲ್ ದಾಖಲೆ) ಇದೆಯಾ, ಬಂದವರು ಅವರೇನಾ ಅಂತ ನೋಡುತ್ತಾರೆ. ಮಾರುವವನೇ ನಿಜವಾದ ಮಾಲೀಕ ಅಂತ ಯಾರೂ ಖಾತ್ರಿ ಕೊಡಲ್ಲ.

ಹಾಗಾಗಿ ಬೆಂಗಳೂರಿನಲ್ಲಿ ನನ್ನ ಸಮಯವೆಲ್ಲ ಹೋಗಿದ್ದು ರಿಜಿಸ್ಟ್ರೇಷನ್‌ಗೆ ಮುಂಚೆ. ಮದರ್ ಡೀಡ್ ಅನ್ನೋ ಮೂಲ ಪತ್ರ, ಅದಾದ ಮೇಲಿನ ಕ್ರಯಪತ್ರಗಳು, ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ ಕನ್ವರ್ಷನ್ ಆದೇಶ, ಕಂದಾಯದ ರಸೀದಿ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಸಾಲಗಳನ್ನು ತೋರಿಸುವ ಇಸಿ (ಋಣಭಾರ ಪತ್ರ) 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಕ್ಕಿತು, ಹಳೆಯದಕ್ಕೆ ಓಡಾಡಬೇಕಾಯಿತು. ವಂಶವೃಕ್ಷ ನೋಡುತ್ತಾ ನಮ್ಮ ವಕೀಲರು ಒಂದು ಹೆಸರಿನ ಮೇಲೆ ಬೆರಳಿಟ್ಟರು. ಮಾರುವವರ ಮಗಳು. ಕರಡು ಕ್ರಯಪತ್ರದಲ್ಲಿ ಗಂಡುಮಕ್ಕಳು ಮಾತ್ರ ಇದ್ದರು. "ಅವಳಿಗೆ ಮದುವೆ ಆಗಿದೆಯಲ್ಲ ಸಾರ್" ಅಂದರು ಮಾರುವವರು. ಪಿತ್ರಾರ್ಜಿತ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಮಗಳಿಗೂ ಸಮಪಾಲು. ಆಕೆ ಬಂದು ಸಹಿ ಹಾಕುವವರೆಗೂ ವಕೀಲರು ಮುಂದಕ್ಕೆ ಬಿಡಲಿಲ್ಲ. ಅವರಿಗೆ ಕೊಟ್ಟ ಫೀಸಿನ ಬಗ್ಗೆ ನನಗೆ ಒಂಚೂರೂ ಬೇಜಾರಿಲ್ಲ.

ತೆರಿಗೆ ಲೆಕ್ಕವೂ ಬೇರೆ. ಇಂಗ್ಲೆಂಡಿನಲ್ಲಿ ಸದ್ಯ ಮೊದಲ 1,25,000 ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗೆ ಶೇ. 2, ಆಮೇಲೆ 9,25,000ದವರೆಗೆ ಶೇ. 5. ಆಯಾ ಭಾಗಕ್ಕೆ ಆಯಾ ದರ. ಕರ್ನಾಟಕದಲ್ಲಿ 45 ಲಕ್ಷ ದಾಟಿದರೆ ಇಡೀ ಮೊತ್ತಕ್ಕೆ ಶೇ. 5 ಮುದ್ರಾಂಕ ಶುಲ್ಕ, ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ, ಕ್ರಯದ ಹಣ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ.

ಹಾಗಂತ ಇಂಗ್ಲೆಂಡಿನದ್ದೇ ಮೇಲು ಅಂತ ಸುಮ್ನೆ ಹೊಗಳಲಾರೆ. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್, ಅಂದರೆ ಸಹಿ ಮಾಡಿದ ಒಪ್ಪಂದ ಅದಲುಬದಲು ಆಗುವವರೆಗೆ ಮಾತಿಗೆ ಬೆಲೆಯಿಲ್ಲ. ನಾವು ಮೊದಲು ಒಪ್ಪಿದ್ದ ಮನೆ ಹಾಗೇ ಕೈತಪ್ಪಿತು, ಬೇರೆ ಯಾರೋ ಜಾಸ್ತಿ ಕೊಟ್ಟರು. ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೆಗೆ ಕೊಟ್ಟ ದುಡ್ಡು ನೀರುಪಾಲು. ಬೆಂಗಳೂರಿನಲ್ಲಾದರೆ ಮುಂಗಡ ಕೊಟ್ಟು ಅಗ್ರಿಮೆಂಟ್ ಬರೆಸಿಕೊಂಡಿದ್ದೆವು. ಇನ್ನೊಂದು, ಅಲ್ಲಿ ಕೀ ಕೈಗೆ ಬಂದ ಮೇಲೂ ದಾಖಲೆಯಲ್ಲಿ ನಮ್ಮ ಹೆಸರು ಬರೋಕೆ ತಿಂಗಳುಗಳೇ ಹಿಡಿದವು.

ಈಗ ಅಲ್ಲಿನ ಮನೆಗೆ ಲ್ಯಾಂಡ್ ರಿಜಿಸ್ಟ್ರಿಯ ಪ್ರಾಪರ್ಟಿ ಅಲರ್ಟ್ ಹಾಕಿಟ್ಟಿದ್ದೇನೆ, ಪುಕ್ಕಟೆ. ಯಾರಾದರೂ ಆ ದಾಖಲೆಗೆ ಕೈ ಹಾಕಿದರೆ ಇಮೇಲ್ ಬರುತ್ತದೆ. ಬೆಂಗಳೂರಿನ ಸೈಟಿಗೆ ಖಾತೆ ಬದಲಾಯಿಸಿ, ಬೇಲಿ ಹಾಕಿಸಿ, ಹೆಸರಿನ ಬೋರ್ಡು ನೆಡಿಸಿದ್ದೇನೆ. ಆಗಾಗ ಇಸಿ ತೆಗೆದು ನೋಡುತ್ತಿರುತ್ತೇನೆ.