ಲಿಮಿಟೆಡ್ ಗಿಟಾರ್ ತಗೊಳ್ಳೋದಾ, ಬೇಕಾದ ಹಾಗೆ ಮಾಡಿಸೋದಾ?

‘ಲಿಮಿಟೆಡ್ ರನ್ (ಕೆಲವೇ ಕೆಲವು ಮಾಡಿ ನಿಲ್ಲಿಸುವ ಮಾಡೆಲ್), ಇನ್ನು ಎರಡೇ ಪೀಸ್ ಇವೆ’ ಅಂತ ಗಿಟಾರ್ ಅಂಗಡಿಯವರು ಅಂದ ಕೂಡಲೇ ದುಡ್ಡು ಕಟ್ಟಬೇಡಿ. ಒಂದು ಹಾಳೆ ತಗೊಳ್ಳಿ. ಎಡಕ್ಕೆ ಆ ಮಾಡೆಲ್‌ನ ಸ್ಪೆಕ್ ಬರೆಯಿರಿ, ಬಲಕ್ಕೆ ಅದೇ ಕಂಪನಿಯ ಮಾಮೂಲಿ ಮಾಡೆಲ್‌ದು. ಎರಡರಲ್ಲೂ ಒಂದೇ ಇರುವುದನ್ನೆಲ್ಲ ಹೊಡೆದು ಹಾಕಿ. ಉಳಿದಿದ್ದಕ್ಕೇ ನೀವು ಜಾಸ್ತಿ ದುಡ್ಡು ಕೊಡುತ್ತಿರುವುದು.

ತುಂಬಾ ಸಲ ಉಳಿಯುವುದು ಬಣ್ಣ, ಒಂದು ಸರ್ಟಿಫಿಕೇಟು, ಬೇರೆ ಪಿಕಪ್ (ತಂತಿಯ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡುವ ಭಾಗ). ಪಿಕಪ್‌ಗೋಸ್ಕರ ಲಿಮಿಟೆಡ್ ಬೇಕಿಲ್ಲ. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ (ಸ್ಟ್ರಾಟ್) ಪಿಕ್‌ಗಾರ್ಡ್ ಅನ್ನುವ ಮೇಲಿನ ಫಲಕ ಬಿಚ್ಚಿ ನಾಲ್ಕಾರು ವೈರ್ ಬೆಸುಗೆ ಹಾಕಿದರೆ ಹೊಸ ಸೆಟ್ ಕೂತುಬಿಡುತ್ತದೆ. ಟ್ಯೂನರ್ (ಶ್ರುತಿ ಮಾಡುವ ಕೀಲಿ), ನಟ್ (ಗಿಟಾರ್ ತಲೆಯ ಹತ್ತಿರ ತಂತಿಗಳು ಕೂರುವ ಸಣ್ಣ ಪಟ್ಟಿ) ಕೂಡ ಅಷ್ಟೆ, ಆಮೇಲೆ ಬದಲಿಸಬಹುದು.

ಸುಲಭಕ್ಕೆ ಬದಲಾಗದ್ದನ್ನು ಸರಿಯಾಗಿ ನೋಡಿ. ಮೊದಲನೆಯದು ಸ್ಕೇಲ್ ಉದ್ದ, ಅಂದರೆ ನಟ್‌ನಿಂದ ಬ್ರಿಜ್‌ವರೆಗೆ ಮಿಡಿಯುವ ತಂತಿಯ ಉದ್ದ. ಸ್ಟ್ರಾಟ್ 25.5 ಇಂಚು, ಗಿಬ್ಸನ್ ಲೆಸ್ ಪಾಲ್ ಸುಮಾರು 24.75, ಪಿಆರ್‌ಎಸ್ ಕಸ್ಟಮ್ 24 ಇವೆರಡರ ಮಧ್ಯೆ, 25. ಮುಕ್ಕಾಲು ಇಂಚಿನಲ್ಲಿ ಏನಿದೆ ಅನ್ನಿಸುತ್ತೆ ಅಲ್ವಾ? ಅದೇ ತಂತಿ, ಅದೇ ಟ್ಯೂನಿಂಗ್ ಇಟ್ಟು ಸ್ಟ್ರಾಟ್, ಲೆಸ್ ಪಾಲ್ ಎರಡರಲ್ಲೂ ಒಂದು ಬೆಂಡ್ ಮಾಡಿ (ತಂತಿಯನ್ನು ಬೆರಳಿಂದ ಅಡ್ಡಕ್ಕೆ ಎಳೆದು ಸ್ವರ ಏರಿಸಿ) ನೋಡಿ, ಗಿಡ್ಡ ಸ್ಕೇಲ್‌ನಲ್ಲಿ ತಂತಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಆಮೇಲೆ ಫ್ರೆಟ್‌ಬೋರ್ಡ್ ರೇಡಿಯಸ್, ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ, ಬೆರಳೊತ್ತುವ ಹಲಗೆಯ ಉಬ್ಬು. ಸಂಖ್ಯೆ ಚಿಕ್ಕದಾದಷ್ಟೂ ಉಬ್ಬು ಜಾಸ್ತಿ. ಹಳೇ ಮಾದರಿಯ ಫೆಂಡರ್‌ನಲ್ಲಿ 7.25 ಇಂಚು, ಈಗಿನವುಗಳಲ್ಲಿ ಹೆಚ್ಚಾಗಿ 9.5, ಲೆಸ್ ಪಾಲ್‌ನಲ್ಲಿ 12. 7.25ರ ಉಬ್ಬಿನ ಮೇಲೆ ಕಾರ್ಡ್ ಹಿಡಿಯಲು ಹಿತ, ಆದರೆ ಆಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ತಗ್ಗಿಸಿ 15ನೇ ಫ್ರೆಟ್ ಹತ್ತಿರ ಜೋರಾಗಿ ಬೆಂಡ್ ಮಾಡಿದರೆ ತಂತಿ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಅಲ್ಲೇ ಸತ್ತುಹೋಗುತ್ತದೆ.

ಇನ್ನು ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಎಷ್ಟು ದಪ್ಪ ಅನ್ನುವುದು. ನಾನು ಒಂದು ಸಲ ಬಣ್ಣ ನೋಡಿ ಲಿಮಿಟೆಡ್ ಪೀಸ್ ತಗೊಂಡಿದ್ದೆ. ಅರ್ಧ ಗಂಟೆ ನುಡಿಸಿದರೆ ಸಾಕು, ಹೆಬ್ಬೆರಳಿನ ಬುಡ ನೋಯುತ್ತಿತ್ತು. ಎಂಟು ತಿಂಗಳಿಗೆ ಮಾರಿದೆ. ಬೇಜಾರಾಗಿತ್ತು, ಯಾಕಂದರೆ ಅದರ ಸದ್ದು ನಿಜಕ್ಕೂ ಚೆನ್ನಾಗಿತ್ತು.

ಹಾಗಾಗಿ ಹೊಡೆದು ಹಾಕಿದ ಮೇಲೆ ನಿಮ್ಮ ಕೈಗೆ ಒಗ್ಗುವ ನೆಕ್ಕೋ, ಮಾಮೂಲಿ ಮಾಡೆಲ್‌ನಲ್ಲಿ ಸಿಗದ ಮರವೋ ಉಳಿದಿದ್ದರೆ ಲಿಮಿಟೆಡ್ ತಗೊಳ್ಳಿ. ರೋಸ್ಟೆಡ್ ಮೇಪಲ್ ಒಂದು ಉದಾಹರಣೆ. ಬಿಸಿಯಲ್ಲಿ ಒಣಗಿಸಿದ ಮರ, ಮಂಗಳೂರಿನಂಥ ತೇವದ ಊರಲ್ಲಿ ಕಡಿಮೆ ಬಾಗುತ್ತದೆ.

ಬರೀ ಬಣ್ಣ ಉಳಿದಿದ್ದರೆ ಮಾಡಿಸುವುದೇ ವಾಸಿ. ಇಲ್ಲೂ ಎರಡು ಥರ ಇದೆ. ಫೆಂಡರ್‌ನ ಆನ್‌ಲೈನ್ ಸೇವೆ ಮಾಡ್ ಶಾಪ್‌ನಂಥ ಕಡೆ ಪಟ್ಟಿಯಲ್ಲಿ ಇದ್ದುದನ್ನಷ್ಟೇ ಆರಿಸಬೇಕು. ಕ್ಯಾಲಿಫೋರ್ನಿಯಾದ ಕೀಸಲ್ ಥರದ ಗಿಟಾರ್ ಕಂಪನಿಗಳಲ್ಲಿ ಮರ, ನೆಕ್, ರೇಡಿಯಸ್, ತಂತಿಗಳ ಸಂಖ್ಯೆ, ಎಲ್ಲದಕ್ಕೂ ಆಯ್ಕೆ ಇದೆ. (ಫ್ರೆಟ್‌ಬೋರ್ಡ್‌ಗೆ ಇಂಡಿಯನ್ ರೋಸ್‌ವುಡ್ ಅಂತ ಕಂಡರೆ ಅದು ನಮ್ಮ ಬೀಟೆ ಮರವೇ. ನನಗೆ ಅದನ್ನು ಓದಿದಾಗೆಲ್ಲ ಖುಷಿಯಾಗುತ್ತದೆ.) ಆದರೆ ನಿಮ್ಮ ಇಷ್ಟಕ್ಕೆ ಮಾಡಿಸಿದ್ದನ್ನು ವಾಪಸ್ ಕೊಡುವುದು ಕಷ್ಟ, ಮಾರಲು ಹೋದರೆ ಅದೇ ರುಚಿಯವರೇ ಸಿಗಬೇಕು, ಜೊತೆಗೆ ಬೆಂಗಳೂರಿಗೆ ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ. ವಾಪಸ್ ನಿಯಮ ಏನು ಅಂತ ಬರಹದಲ್ಲಿ ಕೇಳಿ.

ಎರಡರಲ್ಲಿ ಯಾವುದಾದರೂ ಸರಿ, ಅಡ್ವಾನ್ಸ್ ಕಟ್ಟುವ ಮೊದಲು ಅದೇ ಸ್ಕೇಲ್, ಅದೇ ನೆಕ್ ಇರುವ ಮಾಮೂಲಿ ಗಿಟಾರ್ ಒಂದನ್ನು ಅಂಗಡಿಯಲ್ಲಿ ಸ್ಟ್ರ್ಯಾಪ್ ಹಾಕಿಕೊಂಡು ನಿಂತೇ ಅರ್ಧ ಗಂಟೆ ನುಡಿಸಿ.