ನಿಪ್ಪಟ್ಟಿನ ಹದದಲ್ಲೊಂದು ಹಣ್ಣಿನ ಟಾರ್ಟ್

ನನ್ನ ತಂಗಿಯ ಮಗಳು ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನು ಬಿಟ್ಟು ಮೂರು ವರ್ಷಗಳಾದವು. ಬೇಸಿಗೆ ರಜೆಯಲ್ಲಿ ಅವಳು ಮೈಸೂರಿನ ನಮ್ಮ ಮನೆಗೆ ಬಂದಾಗ ದಿನದ ಅಡುಗೆಗೆ ಅಂಥ ತೊಡಕೇನೂ ಆಗುವುದಿಲ್ಲ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ತುಪ್ಪದ ಬದಲು ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ಸಾರು, ಇಷ್ಟಿದ್ದರೆ ಅವಳ ಊಟ ತೃಪ್ತಿಯಾಗಿ ಮುಗಿಯುತ್ತದೆ. ತೊಡಕು ಬರುವುದು ಅವಳ ಹುಟ್ಟುಹಬ್ಬದ ದಿನ. ಬೇಕರಿಯಿಂದ ತರೋಣವೆಂದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರವೆಂದಷ್ಟೇ ಹೇಳುತ್ತದೆ, ಹಾಲು ಬೆಣ್ಣೆಗಳಿರುವ ತಿನಿಸಿಗೂ ಅದೇ ಚುಕ್ಕೆಯಿರುತ್ತದೆ. ಹಾಗಾಗಿ ಎರಡು ವರ್ಷಗಳ ಹಿಂದೆ, ನಮ್ಮ ಹಳೆಯ ಓಟಿಜಿಯಲ್ಲಿ (ಬೇಯಿಸಲು, ಸುಡಲು ಬಳಸುವ ಪುಟ್ಟ ವಿದ್ಯುತ್ ಒಲೆ) ನಾನೇ ಒಂದು ಹಣ್ಣಿನ ಟಾರ್ಟ್, ಅಂದರೆ ಹಿಟ್ಟಿನಿಂದ ಬೇಯಿಸಿದ ತಟ್ಟೆಯೊಳಗೆ ಕಸ್ಟರ್ಡ್ ತುಂಬಿ ಮೇಲೆ ಹಣ್ಣು ಜೋಡಿಸಿದ ಸಿಹಿ, ಮಾಡಲು ತೀರ್ಮಾನಿಸಿದೆ. ಆ ಮೊದಲ ಟಾರ್ಟನ್ನು ತಿಂದವರೆಲ್ಲ ಚೆನ್ನಾಗಿದೆಯೆಂದೇ ಹೇಳಿದರು, ಆದರೆ ಯಾರೂ ಎರಡನೆಯ ತುಂಡು ಕೇಳಲಿಲ್ಲ.

ತಪ್ಪು ಎಲ್ಲಿತ್ತೆಂದು ತಿಳಿಯಲು ನನಗೆ ನಾಲ್ಕು ಟಾರ್ಟುಗಳು ಬೇಕಾದವು. ಪಾಕವಿಧಾನದಲ್ಲಿ ಬೆಣ್ಣೆಯೆಂದು ಇದ್ದಲ್ಲೆಲ್ಲ ಅಷ್ಟೇ ತೂಕದ ತೆಂಗಿನೆಣ್ಣೆ ಹಾಕಿದ್ದೆ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಇರುವುದು ನೂರಕ್ಕೆ ಸುಮಾರು 80 ಭಾಗ, ಉಳಿದದ್ದರಲ್ಲಿ ಬಹುಪಾಲು ನೀರು. ತೆಂಗಿನೆಣ್ಣೆಯಾದರೋ ಪೂರ್ತಿ ಕೊಬ್ಬೇ. 100 ಗ್ರಾಂ ಬೆಣ್ಣೆಯ ಜಾಗಕ್ಕೆ 100 ಗ್ರಾಂ ತೆಂಗಿನೆಣ್ಣೆ ಸುರಿದರೆ ಹಿಟ್ಟಿಗೆ ಎಣ್ಣೆ ಹೆಚ್ಚಾಗುತ್ತದೆ, ನೀರು ಕಡಿಮೆಯಾಗುತ್ತದೆ. ಬೆಂದ ಹಿಟ್ಟಿನ ತಟ್ಟೆ ಬಾಯಲ್ಲಿ ಕರಗುವ ಬದಲು ಮರಳಿನಂತೆ ಉದುರಿ, ನಾಲಿಗೆಯ ಮೇಲೆ ಜಿಡ್ಡಿನ ಪದರ ಬಿಡುತ್ತದೆ. 80 ಗ್ರಾಂ ಎಣ್ಣೆ ಹಾಕಿ, ಕೊರತೆಯನ್ನು ತಣ್ಣೀರಿನಿಂದ ತುಂಬಿದಾಗ ಮೊದಲ ಬಾರಿಗೆ ಅದು ಹಗುರವಾಯಿತು. ವನಸ್ಪತಿಯನ್ನೂ ಒಮ್ಮೆ ಪ್ರಯತ್ನಿಸಿದ್ದೇನೆ; ಕೆಲಸ ಸುಲಭವಾಗುತ್ತದೆ ನಿಜ, ಆದರೆ ಅದು ಅಂಗುಳಕ್ಕೆ ಅಂಟಿಕೊಳ್ಳುವ ರೀತಿ ನನಗೆ ಹಿಡಿಸದ ಕಾರಣ ಮತ್ತೆ ಆ ಕಡೆ ಹೋಗಲಿಲ್ಲ.

ಎರಡನೆಯ ತಪ್ಪನ್ನು ಕಂಡುಹಿಡಿದವರು ನಮ್ಮ ಅತ್ತೆ. ಹೋಳಿಗೆಯ ಕಣಕ ಮಾಡಿ ಪಳಗಿದ ಕೈ ನನ್ನದು; ಮೈದಾ ಕಂಡರೆ ಸಾಕು, ನಾದಿ ನಾದಿ ಜಗ್ಗಿದಷ್ಟೂ ಹಿಗ್ಗುವಂತೆ ಮಾಡುವುದು ಅಭ್ಯಾಸವಾಗಿಬಿಟ್ಟಿದೆ. ಟಾರ್ಟಿನ ಹಿಟ್ಟಿಗೆ ಅದು ತದ್ವಿರುದ್ಧ. ನಾದಿದಷ್ಟೂ ಹಿಟ್ಟಿನಲ್ಲಿ ಅಂಟು ಬೆಳೆದು, ಒಲೆಯಲ್ಲಿ ಅಂಚು ಒಳಕ್ಕೆ ಸೆಳೆದುಕೊಳ್ಳುತ್ತದೆ ಮತ್ತು ಬೆಂದ ಮೇಲೆ ಗಟ್ಟಿಯಾಗುತ್ತದೆ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದವರು, "ಇದು ನಿಪ್ಪಟ್ಟಿನ ಹಿಟ್ಟು ಕಣೇ, ಹೋಳಿಗೆಯದಲ್ಲ" ಎಂದು ಬಟ್ಟಲಿಗೇ ಕೈ ಹಾಕಿದರು. ನಿಪ್ಪಟ್ಟಿಗೆ ಎಣ್ಣೆಯನ್ನು ಒಣ ಹಿಟ್ಟಿಗೆ ಹಾಕಿ ಬೆರಳ ತುದಿಯಲ್ಲಿ ತಿಕ್ಕುತ್ತೇವಲ್ಲ, ಅದೇ ಕ್ರಮ: ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಪುಡಿಯಾಗಬೇಕು. ಅಂದು ಅತ್ತೆಯ ಅಂಗೈಯಲ್ಲಿ ಬೆರಳುಗಳ ಅಚ್ಚು ಮೂಡಿದ ಆ ಉಂಡೆಯನ್ನು ನೋಡಿದ ಮೇಲೆ ನಾನು ಈ ಹದಕ್ಕೆ ಬೇರೆ ಅಳತೆ ಹುಡುಕಲಿಲ್ಲ. ನಿಪ್ಪಟ್ಟಿನ ನೆನಪಿನಲ್ಲೇ ಮೈದಾದ ಒಂದು ಪಾಲಿಗೆ ಅಕ್ಕಿಹಿಟ್ಟು ಬೆರೆಸಲಾರಂಭಿಸಿದೆ. ಅಕ್ಕಿಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲದಿರುವುದರಿಂದ ತಟ್ಟೆ ಗರಿಗರಿಯಾಗುತ್ತದೆ.

ಈಗ ನನ್ನ ಅಳತೆ ಹೀಗಿದೆ. ತಳ ಬಿಚ್ಚಿ ಬರುವ, ಒಂಬತ್ತು ಅಂಗುಲ ಅಗಲದ ಟಾರ್ಟ್ ತಟ್ಟೆಗೆ 140 ಗ್ರಾಂ ಮೈದಾ, 30 ಗ್ರಾಂ ನುಣುಪಾದ ಅಕ್ಕಿಹಿಟ್ಟು, 35 ಗ್ರಾಂ ಪುಡಿ ಸಕ್ಕರೆ, ಕಾಲು ಟೀ ಚಮಚ ಉಪ್ಪು, 75 ಗ್ರಾಂ ತೆಂಗಿನೆಣ್ಣೆ, ಮೂರು ದೊಡ್ಡ ಚಮಚದಷ್ಟು ತಣ್ಣೀರು. ನೀರನ್ನು ಒಂದೇ ಸಲ ಸುರಿಯದೆ ಚಮಚ ಚಮಚವಾಗಿ ಚಿಮುಕಿಸಿ, ಹಿಟ್ಟು ಕೂಡಿಕೊಂಡ ಕೂಡಲೇ ಕೈ ತೆಗೆಯಬೇಕು.

ಎಣ್ಣೆಯ ಹದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಹವೆಯಲ್ಲಿ ಅರ್ಧ ಸೋಲು ಅಲ್ಲಿಯೇ ಆಗುತ್ತದೆ. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡಿಸೆಂಬರ್ ಬೆಳಗಿನಲ್ಲಿ ಡಬ್ಬಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುವ ಎಣ್ಣೆ ಏಪ್ರಿಲ್‌ನಲ್ಲಿ ನೀರಿನಂತಿರುತ್ತದೆ. ಆ ನೀರಾದ ಎಣ್ಣೆಯಿಂದ ಕಲಸಿ, ತಣಿಸದೆ ಒಲೆಗಿಟ್ಟಾಗ ಟಾರ್ಟಿನ ಗೋಡೆ ಹತ್ತು ನಿಮಿಷದೊಳಗೆ ಕುಸಿದು ತಳಕ್ಕೆ ಬಂದು ಕೂತಿತು. ನಾನು ಗಾಜಿನ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ನೋಡುತ್ತಲೇ ಇದ್ದೆ. ಇನ್ನೊಮ್ಮೆ ಬುದ್ಧಿ ಕಲಿತವಳಂತೆ ಎಣ್ಣೆಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಅದು ಕಲ್ಲಿನಂತಾಗಿ, ಹಿಟ್ಟಿನೊಳಗೆ ಬೆರೆಯದೆ ಚೂರು ಚೂರಾಗಿ ಉಳಿಯಿತು, ಬೇಯುವಾಗ ಆ ಚೂರುಗಳು ಕರಗಿ ತಳದಲ್ಲಿ ತೂತುಗಳಾದವು. ಈಗ ಎಣ್ಣೆಯನ್ನು ತೂಗಿ ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ ಇಟ್ಟು, ನಡುವೆ ಎರಡು ಬಾರಿ ಕಲಕಿ, ಆಗಷ್ಟೇ ಕಡೆದು ತೆಗೆದ ಬೆಣ್ಣೆಯಷ್ಟು ಮೆತ್ತಗಾದಾಗ ಹೊರತೆಗೆಯುತ್ತೇನೆ. ಕಲಸಿದ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಆಮೇಲೆ ಲಟ್ಟಿಸಿ ಎಂದು ಬೆಣ್ಣೆಯ ಪಾಕವಿಧಾನಗಳು ಹೇಳುತ್ತವೆ. ತೆಂಗಿನೆಣ್ಣೆಯ ಹಿಟ್ಟಿಗೆ ಅದು ಹೊಂದುವುದಿಲ್ಲ, ಹಾಗೆ ಮಾಡಿದರೆ ಲಟ್ಟಣಿಗೆಯ ಕೆಳಗೆ ಹೆಂಚಿನಂತೆ ಒಡೆಯುತ್ತದೆ. ಕಲಸಿದ ತಕ್ಷಣ ನೇರವಾಗಿ ತಟ್ಟೆಗೆ ಹಾಕಿ, ಸಪಾಟು ತಳದ ಲೋಟದಿಂದ ಒತ್ತಿ, ಮೊದಲು ಅಂಚು, ಆಮೇಲೆ ತಳ ಎಂಬ ಕ್ರಮದಲ್ಲಿ ಮೂರು ಮಿಲಿಮೀಟರ್ ದಪ್ಪಕ್ಕೆ ತರುತ್ತೇನೆ. ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ತಟ್ಟೆಯ ಸಮೇತ ಫ್ರೀಜರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಅಲ್ಲಿಂದ ನೇರವಾಗಿ 180 ಡಿಗ್ರಿಗೆ ಕಾದ ಓಟಿಜಿಗೆ ಸೇರಿಸಿದರೆ ಗೋಡೆ ಕುಸಿಯುವ ಮೊದಲೇ ಹಿಟ್ಟು ಬಿಗಿದುಕೊಳ್ಳುತ್ತದೆ.

ಹೂರಣವಿಲ್ಲದೆ ಬೇಯಿಸುವುದರಿಂದ ತಳ ಉಬ್ಬದಂತೆ ಭಾರ ಬೇಕು. ಬಟರ್ ಪೇಪರ್ ಹಾಸಿ (ಅದರಲ್ಲಿ ಬೆಣ್ಣೆ ಇರುವುದು ಹೆಸರಿನಲ್ಲಷ್ಟೇ ಎಂದು ಮಗಳಿಗೆ ಸಮಾಧಾನ ಹೇಳಬೇಕಾಯಿತು), ಅದರ ಮೇಲೆ ಅಂಚಿನವರೆಗೆ ರಾಜ್ಮಾ ಕಾಳು ತುಂಬಿ ಹದಿನೆಂಟು ನಿಮಿಷ, ಕಾಳನ್ನೂ ಕಾಗದವನ್ನೂ ತೆಗೆದು ಮತ್ತೆ ಹನ್ನೆರಡು ನಿಮಿಷ ಬೇಯಿಸುತ್ತೇನೆ. ಅಂಚು ಮಾತ್ರವಲ್ಲ, ತಳದ ನಡುಭಾಗವೂ ತಿಳಿ ಕಂದು ಬಣ್ಣಕ್ಕೆ ಬರಬೇಕು. ಬೆಳ್ಳಗೆ ಉಳಿದ ತಳ ಕಸ್ಟರ್ಡ್ ಬಿದ್ದ ಗಂಟೆಯೊಳಗೆ ಮೆತ್ತಗಾಗುತ್ತದೆ. ಒಮ್ಮೆ ಹೀಗೆ ಕಾದ ರಾಜ್ಮಾವನ್ನು ಪ್ರತ್ಯೇಕ ಡಬ್ಬಿಯಲ್ಲಿ ಹೆಸರು ಬರೆದು ಇಡುವುದು ಒಳ್ಳೆಯದು. ನಮ್ಮ ಅತ್ತೆ ಅದನ್ನು ರಾತ್ರಿ ನೆನೆಹಾಕಿ ಮರುದಿನ ಹುಳಿಗೆ ಬೇಯಿಸಲು ಹೊರಟು, ಎಂಟು ಸೀಟಿ ಕೂಗಿಸಿದರೂ ಕಾಳು ಜಗ್ಗಲಿಲ್ಲ.

ಕಸ್ಟರ್ಡಿಗೆ ಮೊಟ್ಟೆ ಬೇಕೇ ಬೇಕೆಂಬ ಭಯ ಅನಗತ್ಯ. ನಮ್ಮ ಅಂಗಡಿಗಳಲ್ಲಿ ಸಿಗುವ ಕಸ್ಟರ್ಡ್ ಪೌಡರ್ ಹುಟ್ಟಿದ್ದೇ ಮೊಟ್ಟೆ ಒಗ್ಗದವರಿಗಾಗಿ: 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಮೊಟ್ಟೆ ತಿನ್ನಲಾಗದ ತನ್ನ ಹೆಂಡತಿಗೆಂದು ಮೆಕ್ಕೆಜೋಳದ ಪಿಷ್ಟದಿಂದ (ಕಾರ್ನ್‌ಫ್ಲೋರ್) ಅದನ್ನು ತಯಾರಿಸಿದ. ನಾನು ಬಣ್ಣ ಬೆರೆತ ಪುಡಿಯ ಬದಲು ಕಾರ್ನ್‌ಫ್ಲೋರನ್ನೇ ಬಳಸುತ್ತೇನೆ, ಹಳದಿಗೆ ಒಂದು ಚಿಟಿಕೆಯ ಅರ್ಧದಷ್ಟು ಅರಿಸಿನ ಸಾಕು. ಒಂದು ತೆಂಗಿನಕಾಯಿಯನ್ನು ತುರಿದು, ಬೆಚ್ಚಗಿನ ನೀರು ಹಾಕಿ ರುಬ್ಬಿ ಹಿಂಡಿದ ಹಾಲಿನಲ್ಲಿ ಮೊದಲನೆಯದನ್ನೂ ಎರಡನೆಯದನ್ನೂ ಬೆರೆಸಿ 400 ಮಿಲಿಲೀಟರ್ ತೆಗೆದುಕೊಳ್ಳುತ್ತೇನೆ. ಡಬ್ಬಿಯ ಗಟ್ಟಿ ತೆಂಗಿನ ಹಾಲಿಗಿಂತ ಇದು ತೆಳುವಾಗಿರುವುದರಿಂದ ಕಸ್ಟರ್ಡ್ ಹೊಟ್ಟೆಗೆ ಭಾರವೆನಿಸುವುದಿಲ್ಲ. ಅದಕ್ಕೆ 25 ಗ್ರಾಂ ಕಾರ್ನ್‌ಫ್ಲೋರ್, 50 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಅಗರ್ ಅಗರ್ ಪುಡಿ. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು.

ಅಗರ್ ಅಗರ್ ಎಂದರೆ ನಮ್ಮ ಅಂಗಡಿಗಳ ಚೈನಾ ಗ್ರಾಸ್, ಕಸ್ಟರ್ಡನ್ನು ಹೆಪ್ಪುಗಟ್ಟಿಸಲು ಹಾಕುವುದು, ಕೆಂಪು ಕಡಲಪಾಚಿಯಿಂದ ತೆಗೆದದ್ದು. ಇದೇ ಕೆಲಸ ಮಾಡುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವುದರಿಂದ ಇಲ್ಲಿ ಅದರ ಮಾತೇ ಇಲ್ಲ. ಬಿಸಿ ನೀರಿನಲ್ಲಿ ಕರಗುವ ಜೆಲಟಿನ್‌ನಂತೆ ಅಗರ್ ಸುಲಭವಾಗಿ ಕರಗುವುದಿಲ್ಲ. ಮಿಶ್ರಣ ಕುದಿ ಬಂದ ಮೇಲೂ ಎರಡು ನಿಮಿಷ ಕುದಿಯಬೇಕು. ಇದನ್ನು ತಿಳಿಯದೆ ಮೊದಲ ಗುಳ್ಳೆ ಕಂಡೊಡನೆ ಇಳಿಸಿದಾಗ ಕಸ್ಟರ್ಡ್ ಹಲ್ಲಿಗೆ ರವೆಯಂತೆ ಸಿಕ್ಕಿತು. ಹೆದರಿ ಮುಂದಿನ ಬಾರಿ ಎರಡು ಚಮಚ ಹಾಕಿದೆ, ಅದು ಮಕ್ಕಳ ರಬ್ಬರಿನಂತೆ ಪುಟಿಯಿತು. ಕುದಿಸಿದ ಮಿಶ್ರಣವನ್ನು ಪೂರ್ತಿ ಬಿಸಿಯಲ್ಲೂ ಸುರಿಯಬಾರದು, ಪೂರ್ತಿ ಆರಲೂ ಬಿಡಬಾರದು. ಅಗರ್ 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ನಡುನಡುವೆ ತಿರುವುತ್ತಾ, ಬೆರಳು ಅದ್ದಿದರೆ ಬಿಸಿ ತಾಗುವಂತಿದ್ದರೂ ಸುಡದಿರುವಾಗ ಬೆಂದು ಆರಿದ ಹಿಟ್ಟಿನ ತಟ್ಟೆಗೆ ಸುರಿದರೆ ಒಂದು ಸೆಂಟಿಮೀಟರ್ ದಪ್ಪದ ಪದರ ಅರ್ಧ ಗಂಟೆಯಲ್ಲಿ ನಿಲ್ಲುತ್ತದೆ.

ಹಣ್ಣಿನ ವಿಷಯಕ್ಕೆ ಬಂದರೆ, ಮೇ ತಿಂಗಳಲ್ಲಿ ಬಾದಾಮಿ ಮಾವಿಗೆ ಸಾಟಿಯಿಲ್ಲ. ರಸಪುರಿಯ ರುಚಿಗೆ ಮನಸೋತು ಒಮ್ಮೆ ಅದನ್ನೇ ಹೆಚ್ಚಿಟ್ಟೆ, ಅದು ಸೀಕರಣೆಗೆ ಹುಟ್ಟಿದ ಹಣ್ಣು, ಅರ್ಧ ಗಂಟೆಯಲ್ಲಿ ರಸ ಬಿಟ್ಟು ಕಸ್ಟರ್ಡನ್ನು ಕೆರೆ ಮಾಡಿತು. ಬಾಳೆ ಕಪ್ಪಾಗುತ್ತದೆ. ಅನಾನಸ್, ಪಪ್ಪಾಯಿಗಳಲ್ಲಿರುವ ಕಿಣ್ವಗಳು ಜೆಲಟಿನ್ನನ್ನು ಕರಗಿಸಿಬಿಡುತ್ತವೆ, ಅಗರ್‌ಗೆ ಅವುಗಳಿಂದ ಬಾಧೆಯಿಲ್ಲ. ಮಾವು ಮುಗಿದ ಮೇಲೆ ಅನಾನಸ್ಸನ್ನು ತೆಳುವಾಗಿ ಹೆಚ್ಚಿ, ನಡುವೆ ದಾಳಿಂಬೆ ಕಾಳು ಉದುರಿಸಿ ಮಾಡಿದ್ದೂ ಸೊಗಸಾಗಿತ್ತು. ಯಾವ ಹಣ್ಣಾದರೂ ಹೆಚ್ಚಿದ ಮೇಲೆ ಒಣ ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ, ತೇವ ಹೀರಿದ ನಂತರವೇ ಹೊರ ಅಂಚಿನಿಂದ ಒಳಕ್ಕೆ ಸುತ್ತಾಗಿ ಜೋಡಿಸುತ್ತೇನೆ.

ಮೇಲಿನ ಹೊಳಪಿಗೆ 100 ಮಿಲಿಲೀಟರ್ ನೀರು, ಒಂದು ಚಮಚ ಸಕ್ಕರೆ, ಕಾಲು ಟೀ ಚಮಚ ಅಗರ್ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ಹುಳಿಯೊಡನೆ ಕುದಿಸಿದರೆ ಅಗರ್‌ನ ಶಕ್ತಿ ಕುಂದುತ್ತದೆ. ಕುಂಚ ಹಣ್ಣಿಗೆ ತಾಗಿದ ಕ್ಷಣವೇ ಅದು ನಿಲ್ಲತೊಡಗುವುದರಿಂದ ಬಳಿದಲ್ಲೇ ಮತ್ತೆ ಬಳಿಯಬಾರದು. ಬಟ್ಟಲಲ್ಲೇ ಗಟ್ಟಿಯಾದರೆ ಮತ್ತೊಮ್ಮೆ ಕುದಿಸಿಕೊಳ್ಳಬಹುದು.

ತಟ್ಟೆಯನ್ನು ಒಂದು ಎತ್ತರದ ಡಬ್ಬಿಯ ಮೇಲಿಟ್ಟರೆ ಸುತ್ತಿನ ಬಳೆ ತಾನಾಗಿ ಕೆಳಗೆ ಜಾರುತ್ತದೆ. ಹಲ್ಲಿರುವ ಚಾಕುವಿನಿಂದ, ಒತ್ತದೆ ಗರಗಸದಂತೆ ಎಳೆದು ಕತ್ತರಿಸಬೇಕು. ಜೋಡಿಸಿದ ನಾಲ್ಕೈದು ಗಂಟೆಗಳೊಳಗೆ ತಿಂದರೆ ತಳ ಗರಿಯಾಗಿರುತ್ತದೆ, ಹಾಗಾಗಿ ಹಿಟ್ಟಿನ ತಟ್ಟೆಯನ್ನು ಹಿಂದಿನ ದಿನವೇ ಬೇಯಿಸಿ ಡಬ್ಬಿಯಲ್ಲಿಟ್ಟು, ಉಳಿದ ಕೆಲಸವನ್ನು ಆ ದಿನ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಕಳೆದ ಹುಟ್ಟುಹಬ್ಬಕ್ಕೆ ಎಂಟು ತುಂಡುಗಳಲ್ಲಿ ಒಂದು ಮಾತ್ರ ರಾತ್ರಿಗೆ ಉಳಿಯಿತು. ಮರುದಿನ ಬೆಳಿಗ್ಗೆ ಅದು ಮೆತ್ತಗಾಗಿತ್ತು. "ದೊಡ್ಡಮ್ಮ, ಪರವಾಗಿಲ್ಲ, ಚಮಚ ಕೊಡಿ" ಎಂದು ಹುಡುಗಿ ಫ್ರಿಜ್ಜಿನ ಮುಂದೆ ನಿಂತೇ ಮುಗಿಸಿದಳು.